ತಂತಿಯ ಮೇಲಿನ ಕಟ್ಟೆ

ಕಳೆದ ವಾರ ಜಹೀರಾಬಾದಿನ ಬಸ್ ನಿಲ್ದಾಣದ ಎದುರು, ಟ್ರ್ಯಾಕ್ಟರ್ ರಿಪೇರಿ ಅಂಗಡಿಯ ಪಕ್ಕ ನಿಂತಿದ್ದೆ. ಮೆಕ್ಯಾನಿಕ್ ಒಬ್ಬ ಬ್ಯಾಟರಿಯ ಬಿರಡೆ ತೆಗೆದು ನೀರು ಹಾಕುತ್ತಿದ್ದ. ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಚುಚ್ಚಿತು. ನನಗೇ ತಿಳಿಯದಂತೆ ತಿರುಗಿ ರಸ್ತೆಯ ಕಡೆ ನೋಡಿದೆ. ಜೀಪು ಬರುತ್ತಿದೆಯೇ ಎಂದು...

ಜೀಪಿನ ಹೆದರಿಕೆ ಮೊದಲು ಅಕ್ಕನದು. ನನಗೆ ಅವರಿಂದ ಅಂಟಿಕೊಂಡದ್ದು.

ಎಪ್ಪತ್ತರ ದಶಕದಲ್ಲಿ, ಗುಲ್ಬರ್ಗಾದಲ್ಲಿ ಬಿ.ಎ. ಮುಗಿಸಿ ಬಂದ ವರ್ಷ, ನನಗೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಎರಡು ಕೋಣೆಯ ಬಾಡಿಗೆ ಮನೆ. ಹಿಂದಿನ ಕೋಣೆಯಲ್ಲಿ ಆಸಿಡ್ ತುಂಬಿದ ಬ್ಯಾಟರಿಗಳ ಸಾಲು, ಮುಂದಿನದರಲ್ಲಿ ಬೋರ್ಡು. ಊರಿನ ಒಂದೊಂದು ಫೋನಿಗೂ, ಸುತ್ತಲಿನ ಊರುಗಳ ದೊಡ್ಡ ಅಂಗಡಿಗಳ ಫೋನಿಗೂ ಬೋರ್ಡಿನಲ್ಲಿ ಒಂದೊಂದು ತೂತು, ಅದರ ಮೇಲೊಂದು ಪುಟ್ಟ ಮುಚ್ಚಳ. ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುಗಿಸಿದರೆ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾವು ವಾಯರು ಸಿಕ್ಕಿಸಿ, ಯಾರು ಬೇಕೆಂದು ಕೇಳಿ, ಜೋಡಿಸಿಕೊಡುತ್ತಿದ್ದೆವು.

ಅಲ್ಲಿನ ಹಿರಿಯ ಆಪರೇಟರನ್ನು ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ನಲವತ್ತರ ಆಸುಪಾಸಿನ ಹೆಂಗಸು. ಗಂಡ ಬೇಗ ತೀರಿಕೊಂಡಿದ್ದರು. ಹಾಸಿಗೆ ಹಿಡಿದ ತಾಯಿಯನ್ನು ಆ ನೌಕರಿಯೊಂದೇ ಸಾಕುತ್ತಿತ್ತು.

ಮಧ್ಯಾಹ್ನದ ಊಟದ ಹೊತ್ತು ಕಳೆದು ಲೈನುಗಳು ಖಾಲಿಯಾದಾಗ ಅಕ್ಕ ಒಂದು ಕೆಲಸ ಮಾಡುತ್ತಿದ್ದರು. ನಮ್ಮೂರ ಬೆಲ್ಲದ ಅಡತಿ ಅಂಗಡಿ, ಲಾರಿ ಆಫೀಸು, ತಾಂಡೂರಿನ ಬೇಳೆ ಗಿರಣಿ, ನಾರಾಯಣಖೇಡದ ಬಟ್ಟೆ ಅಂಗಡಿ, ಇವೆಲ್ಲವನ್ನೂ ಒಂದೇ ಮಾತುಕತೆಗೆ ಕೂಡಿಸಿಬಿಡುತ್ತಿದ್ದರು. ಮಾರುಕಟ್ಟೆಯ ಭಾವವನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಒಮ್ಮೆಗೇ ತಿಳಿಯಲೆಂದು ಶುರುವಾದದ್ದು. ಆಮೇಲೆ ಗುಮಾಸ್ತರು ಬಂದರು, ಹಮಾಲರು ಬಂದರು, ಅಂಗಡಿಗೆ ಬಂದ ಗಿರಾಕಿಗಳೂ ರಿಸೀವರಿಗೆ ಕೈ ಚಾಚಿದರು. ಕಂಗ್ಟಿಯ ರೈತನೊಬ್ಬ ತಾನು ಕೊಂಡ ಧೋತರದ ದಡಿ ಬಣ್ಣ ಬಿಟ್ಟಿತೆಂದು ಎಲ್ಲರೆದುರೇ ದೂರಿದ. ಬಟ್ಟೆ ಅಂಗಡಿಯ ಮಾಲೀಕ ಮರುಮಾತಿಲ್ಲದೆ ಬದಲಿಸಿಕೊಟ್ಟ. ಜನ ಅದನ್ನು ಕಟ್ಟೆ ಎಂದರು. ಊರ ನಡುವಿನ ಮರದ ಕೆಳಗಿನ ಕಟ್ಟೆಯ ಹಾಗೆ.

"ತಾಂಡೂರ ಬ್ಯಾಳಿ ಗಿರಣಿರಿ. ನಾಲ್ಕ ಮಂದಿ ಹಮಾಲರು ಬೇಕಾಗ್ಯಾರ."

"ಊಟಾ ಹಾಕ್ತಾರೇನ್ ಕೇಳ್ರಿ ಮೊದಲ," ಎಂದು ಬೆಲ್ಲದಂಗಡಿಯ ಹಮಾಲ ಕೂಗುತ್ತಿದ್ದ.

"ಹಾಕ್ತೀವಿ. ಆದ್ರ ನೀ ಬರಬ್ಯಾಡ. ಹೋದ ಸಲ ನೀ ಉಂಡದ್ದ ನೋಡಿ ಅಡಿಗಿಯಾಕಿ ಕೆಲಸಾನೇ ಬಿಟ್ಟಾಳ."

ನಗು ಮೂರು ಊರುಗಳಿಂದ ಒಟ್ಟಿಗೆ ಕೇಳುತ್ತಿತ್ತು. ಲಾರಿ ಆಫೀಸಿನ ಗುಮಾಸ್ತ, ಚಿಕ್ಕ ವಯಸ್ಸಿನವ, ಯಾವ ಲಾರಿ ಯಾವ ಕಡೆ ಹೊರಟಿದೆಯೆಂದು ಹಾಡಿನಂತೆ ಹೇಳುತ್ತಿದ್ದ. ನಾರಾಯಣಖೇಡದ ಬಟ್ಟೆ ಅಂಗಡಿಯವನೊಡನೆ ಮಾತ್ರ ಅವನು ಒಂದು ಮಾತೂ ಆಡುತ್ತಿರಲಿಲ್ಲ. ಏನೋ ಹಳೆಯ ಜಗಳವೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೆದಕುತ್ತಿರಲಿಲ್ಲ.

ಕಟ್ಟೆಗೆ ಅಕ್ಕನದೇ ಒಂದು ನಿಯಮವಿತ್ತು. "ಮೊದಲ ಅಂಗಡಿ ಹೆಸರು, ಆಮ್ಯಾಗ ಮಾತು. ಬೈದ್ರ ವಾಯರ್ ಕಿತ್ತಬಿಡತೀನಿ ನೋಡ್ರಿ." ನನಗೆ ಬೇರೆಯಾಗಿ ಹೇಳಿದ್ದರು: "ಮುಖಾ ಕಾಣಂಗಿಲ್ಲ ತಂಗಿ. ಹೆಸರರೆ ಇರಬೇಕಲ್ಲ." ಹೆಚ್ಚಿನ ಅಂಗಡಿಗಳಿಗೆ ಮಾಲೀಕರ ಹೆಸರೇ ಇದ್ದುದರಿಂದ ಅದೇನು ಕಷ್ಟದ ಮಾತಾಗಿರಲಿಲ್ಲ.

ಇದೆಲ್ಲ ಇಲಾಖೆಯ ನಿಯಮಕ್ಕೆ ಪೂರ್ತಿ ವಿರುದ್ಧ. ಮೇಲಿನವರಿಗೆ ತಿಳಿದರೆ ಅಕ್ಕನ ನೌಕರಿ ಉಳಿಯುವಂತಿರಲಿಲ್ಲ. ಆದರೂ ನಡೆದಿತ್ತು... ಒಂದು ಮಧ್ಯಾಹ್ನ ಧ್ವನಿ ತಗ್ಗುವವರೆಗೆ.

ಒಂದೇ ಮಾತುಕತೆಗೆ ಫೋನುಗಳು ಸೇರಿದಷ್ಟೂ ಧ್ವನಿ ತಗ್ಗುತ್ತದೆ. ರಿಸೀವರ್ ಎತ್ತಿದ ಪ್ರತಿಯೊಬ್ಬನೂ ಉಳಿದವರ ಪಾಲಿನ ಧ್ವನಿಯಿಂದ ಚೂರು ತೆಗೆದುಕೊಂಡಂತೆ. ಎಷ್ಟು ಜನ ಇದ್ದಾಗ ಎಷ್ಟು ಕೇಳುತ್ತದೆಂಬುದು ನಮ್ಮ ಕಿವಿಗಳಿಗೆ ರೂಢಿಯಾಗಿತ್ತು. ಆ ದಿನ ಹೊಸಬರನ್ನು ಯಾರನ್ನೂ ಕೂಡಿಸಿರಲಿಲ್ಲ. ಲಾರಿ ಆಫೀಸಿನವನು ಮಾತಾಡುತ್ತಿದ್ದಂತೆ ಅವನ ಧ್ವನಿ ಇದ್ದಕ್ಕಿದ್ದಂತೆ ಒಂದು ಹೆಜ್ಜೆ ಹಿಂದೆ ಸರಿಯಿತು.

ಅಕ್ಕ ನನ್ನ ಮುಖ ನೋಡಿದರು. "ಯಾರ್ರಿ ಅದು? ಹೆಸರು ಹೇಳ್ರಿ."

ಕಿವಿಗೊಟ್ಟರೆ ಸಣ್ಣ ಉಸಿರೊಂದೇ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಧ್ವನಿ ಮತ್ತೆ ಮೇಲೇರಿತು. ಕದ್ದು ಕೇಳುತ್ತಿದ್ದವರು ರಿಸೀವರ್ ಇಟ್ಟುಬಿಟ್ಟಿದ್ದರು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಅಕ್ಕ ಒಂದೊಂದೇ ಲೈನನ್ನು ಬಿಡಿಸಿ ನೋಡಿದರು. ನಾರಾಯಣಖೇಡದ ವಾಯರು ತೆಗೆದಾಗ ಧ್ವನಿ ಸರಿಹೋಯಿತು. ಅಂಗಡಿಯವನನ್ನು ಕೇಳಿದರೆ, "ಅಂಗಡ್ಯಾಗ ನಾನೊಬ್ಬನೇ ಅದೀನ್ರಿ ಅಕ್ಕಾರ," ಎಂದ. ಹಾಗಾದರೆ ಉಳಿದದ್ದು ಒಂದೇ. ನಾರಾಯಣಖೇಡದ ತಂತಿ ಜೋಳದ ಹೊಲಗಳ ನಡುವೆ ಕಂಬದಿಂದ ಕಂಬಕ್ಕೆ ಬರುತ್ತಿತ್ತು. ಇಲಾಖೆಯವರು ಬೇಕೆಂದಾಗ ಯಾವುದಾದರೂ ಕಂಬದಲ್ಲಿ ಪರೀಕ್ಷೆಯ ಫೋನು ತಗುಲಿಸಿ ಕೇಳಬಹುದಿತ್ತು.

"ಮ್ಯಾಲಿನವರು ಕೇಳ್ಲಿಕ್ಕತ್ಯಾರ," ಎಂದರು ಅಕ್ಕ.

ನಿಲ್ಲಿಸಿಬಿಡೋಣ ಎಂದೆ. "ಈಗ ನಿಲ್ಲಿಸಿದ್ರ ತಪ್ಪು ಮಾಡೀವಿ ಅಂತ ನಾವೇ ಹೇಳಿದಂಗ ಆತು," ಎಂದರು.

ಆದರೆ ಕಟ್ಟೆ ತಾನಾಗಿಯೇ ಖಾಲಿಯಾಗತೊಡಗಿತು. ಆ ದಿನಗಳಲ್ಲಿ ಬೆಲ್ಲ, ಬೇಳೆಯ ದಾಸ್ತಾನಿನ ಮೇಲೆ ದಾಳಿಗಳಾಗುತ್ತಿದ್ದವು. ಯಾರೋ ಕೇಳುತ್ತಿದ್ದಾರೆಂಬ ಸುದ್ದಿ ಹಬ್ಬಿದ್ದೇ ಸಾವುಕಾರರು ಭಾವ ಹೇಳುವುದನ್ನು ಬಿಟ್ಟರು. ಹಮಾಲ ತಮಾಷೆ ಬಿಟ್ಟ. ಸಾವುಕಾರನೇ ಕಿವಿ ಇಟ್ಟಿದ್ದಾನೇನೋ ಎಂದು ಅವನ ಅನುಮಾನ. ಒಬ್ಬರು ಇನ್ನೊಬ್ಬರನ್ನು ಶಂಕಿಸುವ ಮೌನ ತಂತಿಯಲ್ಲಿ ತುಂಬಿಕೊಂಡಿತು. ಕೊನೆಗೆ ಲಾರಿ ಆಫೀಸಿನವನೊಬ್ಬನೇ ಲಾರಿಗಳ ಸುದ್ದಿ ಹೇಳುತ್ತಿದ್ದ. ಅವನು ಬಾಯಿ ತೆರೆದೊಡನೆ ಧ್ವನಿ ತಗ್ಗುತ್ತಿತ್ತು.

ಅಕ್ಕನ ಊಟದ ಡಬ್ಬಿ ಹಾಗೇ ಮನೆಗೆ ಹಿಂತಿರುಗುತ್ತಿತ್ತು. ಹೊರಗೆ ಯಾವ ಗಾಡಿಯ ಸದ್ದಾದರೂ ಎದ್ದು ಕಿಟಕಿಗೆ ಹೋಗುತ್ತಿದ್ದರು. "ನನ್ನ ಚಿಂತಿ ಇಲ್ಲ ತಂಗಿ. ಅವ್ವಗ ಯಾರು ನೋಡ್ತಾರ?" ಎಂದಿದ್ದರು ಒಮ್ಮೆ, ನನ್ನ ಕಡೆ ತಿರುಗದೆ.

ಒಂದು ಬೆಳಿಗ್ಗೆ ಇಲಾಖೆಯ ಜೀಪು ಬಂತು. ಇಳಿದ ಅಧಿಕಾರಿ ಒಂದು ಲೋಟ ನೀರು ಕೇಳಿ ಕುಡಿದು, ನೇರವಾಗಿ ಹಿಂದಿನ ಕೋಣೆಗೆ ಹೋದರು. ಬಿರಡೆಗಳನ್ನು ತೆಗೆದ ಸದ್ದಾಯಿತು. ಆಸಿಡ್ಡಿನ ವಾಸನೆ ಮುಂದಿನ ಕೋಣೆಯವರೆಗೆ ಹರಡಿತು. ಅಕ್ಕ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಅಧಿಕಾರಿ ಕೈ ಒರೆಸಿಕೊಳ್ಳುತ್ತ ಹೊರಬಂದು, "ಇಲ್ಲಿ ಎಷ್ಟು ದಿನದಿಂದ ಹೀಗಿದೆ?" ಎಂದರು.

ಅಕ್ಕ ಎಲ್ಲವನ್ನೂ ಹೇಳಿಬಿಟ್ಟರು. ಕಟ್ಟೆ, ಮೂರು ಊರು, ಭಾವ, ನಿಯಮ... ಕೊನೆಗೆ, "ಈ ಹುಡುಗಿಗೆ ಇದರಾಗ ಏನೂ ಸಂಬಂಧ ಇಲ್ರಿ," ಎಂದರು.

ಅಧಿಕಾರಿ ಕೇಳಿದ್ದು ಬ್ಯಾಟರಿಯಲ್ಲಿ ನೀರು ಕಡಿಮೆಯಾದದ್ದರ ಬಗ್ಗೆ. ಕಟ್ಟೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಗಿತ್ತು. ಕೇಳಿಸಿಕೊಂಡದ್ದನ್ನು ಅವರು ಮರೆಯುವಂತಿರಲಿಲ್ಲ.

ನೌಕರಿ ಹೋಗಲಿಲ್ಲ. ಬಹು ದೂರದ ಊರಿಗೆ ವರ್ಗವಾಯಿತು. ಅಕ್ಕ ತಾಯಿಯನ್ನು ಲಾರಿಯಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಹೊರಟರು. ಲಾರಿ ಆಫೀಸಿನ ಹುಡುಗನೇ ಏರ್ಪಾಡು ಮಾಡಿದ್ದ. "ಹುಷಾರ್ ತಂಗಿ," ಎಂದಷ್ಟೇ ಹೇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ...

ಅವರು ಹೋದ ಕೆಲವೇ ದಿನಗಳಲ್ಲಿ, ಮಧ್ಯಾಹ್ನದ ಅದೇ ಹೊತ್ತಿಗೆ, ನಾರಾಯಣಖೇಡದ ಮುಚ್ಚಳ ಬಿತ್ತು. ಹೆಂಗಸಿನ ಧ್ವನಿ, ಪಿಸುಮಾತಿನಷ್ಟು ಸಣ್ಣದು.

"ಕಟ್ಟಿ ಯಾಕ ಬಂದ್ ಆಗ್ಯಾದ್ರಿ?"

"ಯಾರು ಮಾತಾಡೋದು? ಅಂಗಡಿ ಹೆಸರು ಹೇಳ್ರಿ," ಎಂದೆ ರೂಢಿಯಂತೆ.

ಸಣ್ಣ ಉಸಿರು. ಆ ಉಸಿರನ್ನು ನಾನು ಗುರುತಿಸಿದೆ.

"ಅದು ನನ್ನ ಬಾಯಿಲೆ ಬರಂಗಿಲ್ರಿ. ಅಂಗಡಿಗೆ ನಮ್ಮ ಮನಿಯವರ ಹೆಸರೇ ಅದ."

ಗಂಡನ ಹೆಸರನ್ನು ನಾಲಿಗೆಗೆ ತರದ ಮನೆಯಲ್ಲಿ ನಾನೂ ಬೆಳೆದವಳು. ನನ್ನ ಅವ್ವ ಅಪ್ಪನ ಹೆಸರು ಹೇಳಿದ್ದನ್ನು ಕೇಳಿದವಳಲ್ಲ. ಆದರೂ ನಮಗೆ ಇದು ಹೊಳೆದಿರಲಿಲ್ಲ. ಬಟ್ಟೆ ಅಂಗಡಿಯ ಹಿಂದೆಯೇ ಅವರ ಮನೆ. ಅದೇ ತಂತಿಗೆ ಮನೆಯೊಳಗೆ ಇನ್ನೊಂದು ಫೋನಿತ್ತು. ಹೆಂಗಸರು ಅದನ್ನು ಮುಟ್ಟುತ್ತಾರೆಂದು ಗಂಡನೂ ಎಣಿಸಿರಲಿಲ್ಲ.

"ಲಾರಿ ಆಫೀಸಿನವ ನನ್ನ ತಮ್ಮರಿ," ಎಂದಳು. "ಮದುವ್ಯಾಗ ಜಗಳಾಗಿ ತವರಮನಿ ಹಾದಿ ಮುಚ್ಚೇದ. ಅವನ ಧ್ವನಿ ಕೇಳಿ ಇಟ್ಟಬಿಡತಿದ್ದೆ, ಅಷ್ಟ. ನನ್ನಿಂದ ಯಾರಿಗೂ ತ್ರಾಸ ಆಗಿಲ್ಲಲ್ರಿ?"

"ಇಲ್ರಿ," ಎಂದೆ.

ಲಾರಿ ಆಫೀಸಿನ ತೂತಿಗೆ ವಾಯರು ಸಿಕ್ಕಿಸಿದೆ. ಅತ್ತ ಕಡೆ ಎತ್ತಿದ ಸದ್ದು ಕೇಳಿದೊಡನೆ ನನ್ನ ಕಿವಿಯಿಂದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ.

ಇದನ್ನು ಅಕ್ಕನಿಗೆ ಎದುರಿಗೇ ಕುಳಿತು ಹೇಳಬೇಕೆಂದುಕೊಂಡಿದ್ದೆ. ಅಷ್ಟು ದೂರ ಹೋಗುವ ದಿನ ಮುಂದೆ ಮುಂದೆ ಹೋಯಿತು. ಅವರಿಗಿಂತ ಮೊದಲು ತಾಯಿ ತೀರಿಕೊಂಡರಂತೆ. ಆಮೇಲೆ ಒಂದು ಚಳಿಗಾಲದಲ್ಲಿ ಅಕ್ಕನೂ. ಸುದ್ದಿ ಟ್ರಂಕ್ ಲೈನಿನಲ್ಲೇ ಬಂತು, ನಾನು ಕಂಡಿರದ ಯಾರೋ ಆಪರೇಟರ್ ಒಬ್ಬರ ಧ್ವನಿಯಲ್ಲಿ.

ಈಗ ನಮ್ಮೂರಿನಲ್ಲಿ ಡಯಲ್ ತಿರುಗಿಸುವ ಫೋನು ಬಂದಿದೆ. ನಡುವೆ ಯಾರೂ ಕುಳಿತಿರುವುದಿಲ್ಲ. ಆದರೂ ಮಾತಿನ ನಡುವೆ ಧ್ವನಿ ತಗ್ಗಿದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಯಾರಿದ್ದಾರೆಂದು ಕೇಳಲು ಧೈರ್ಯ ಸಾಲುವುದಿಲ್ಲ.

ಮೆಕ್ಯಾನಿಕ್ ಬಿರಡೆ ಬಿಗಿದು ಕೈ ಒರೆಸಿಕೊಂಡ. ನಾನು ನೋಡುತ್ತಿದ್ದಂತೆ ಒಂದು ಜೀಪು ಬಂದೇ ಬಂತು. ನಿಲ್ಲದೆ ಬೀದರಿನ ಕಡೆ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ನಾನು ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ.