ಕುಂಕುಮ ಇಟ್ಟ ಗ್ರೈಂಡರ್

ನನಗೆ ಆಗ ಎಪ್ಪತ್ತೊಂದು. ಇದಾಗಿ ಮೂರು ವರ್ಷ.

ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಇಡ್ಲಿ ಹಿಟ್ಟು, ನೀರ್‌ದೋಸೆ ಹಿಟ್ಟು ಎಂದರೆ ನಮ್ಮ ಮನೆಯದೇ. ಗಂಡ ಹೋಟೆಲಿನಲ್ಲಿ ದುಡಿಯುತ್ತಿದ್ದ ಕಾಲದಿಂದ ರುಬ್ಬಿ ಕೊಡುತ್ತಾ ಬಂದವಳು ನಾನು. ಆ ವರ್ಷ ಬಲ ಭುಜ ಹಿಡಿದುಕೊಂಡಿತು. ಗ್ರೈಂಡರಿನ ಕಲ್ಲು ಎತ್ತಬೇಡಿ ಅಂದರು ಡಾಕ್ಟರು. ಮಗ ಅದೇ ಮಾತು ಹಿಡಿದುಕೊಂಡ.

"ಸಾಕಮ್ಮ, ಇನ್ನು ಟಿವಿ ನೋಡು."

"ಟಿವಿ ನೋಡಿದರೆ ಹಿಟ್ಟು ಉಬ್ಬುತ್ತದಾ?" ಅಂದೆ. ಹಿಟ್ಟು ನಿಂತರೆ ಮನೆಯಲ್ಲಿ ನಾನು ಇನ್ನೊಂದು ಕುರ್ಚಿ.

ಸೊಸೆ ಗೋರೆಗಾಂವ್‌ನಲ್ಲಿ ಹುಟ್ಟಿ ಬೆಳೆದವಳು, ಅವಳ ಕನ್ನಡ ಅರ್ಧ ಹಿಂದಿ. ಅವಳೇ ಮೊಬೈಲಿನಲ್ಲಿ ಒಂದು ಶಾಪಿಂಗ್ ಸೈಟ್ ಹುಡುಕಿ ಒಂದು ಗ್ರೈಂಡರ್ ತೋರಿಸಿದಳು. ಕಲ್ಲು ಎತ್ತುವುದು ಬೇಡ, ಪಾತ್ರೆ ತಾನೇ ಬಗ್ಗಿ ಹಿಟ್ಟು ಸುರಿಯುತ್ತದೆ. ಮಾರುವವರು ಸಿಂಗಾಪುರದವರು. ಇದೂ ಆಗದಿದ್ದರೆ ಹಿಟ್ಟು ಬಂದ್ ಅಂದ ಮಗ. ಒಪ್ಪಿದೆ.

ಪೆಟ್ಟಿಗೆ ಬಂತು. ಹೊಸ ಮೆಷಿನ್ನಿಗೆ ಪೂಜೆ ಮಾಡದೆ ಸ್ವಿಚ್ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಕುಂಕುಮ ಹಚ್ಚಿ, ಹೂ ಇಟ್ಟು, ಆರತಿ ಎತ್ತಿ, ತೆಂಗಿನಕಾಯಿ ಒಡೆದೆ. ಉಡುಪಿಯಲ್ಲಿರುವ ನನ್ನ ನಾದಿನಿಗೆ ಕಳಿಸಲು ಸೊಸೆ ವಿಡಿಯೋ ತೆಗೆದಳು. ಆಮೇಲೆ ಸ್ವಿಚ್ ಹಾಕಿದೆ. ಗುಂಯ್ ಅಂತು, ಹೊಗೆ ಎದ್ದು ಸುಟ್ಟ ವಾಸನೆ ಬಂತು, ಕಲ್ಲು ಅಲ್ಲಾಡಲಿಲ್ಲ.

ಸೊಸೆ ಫೋಟೋ ತೆಗೆದು ಮಾರಿದವರಿಗೆ ಕಳಿಸಿದಳು. ಅವರ ಉತ್ತರ ಓದಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

"ಅತ್ತೆ, ಕೆಂಪು ಕಲೆ ಎಲ್ಲಾ ಜಂಗ್ ಅಂತೆ. ತುಕ್ಕು. ನಾವೇ ನೀರು ಹಾಕಿ ಯೂಸ್ ಮಾಡಿ ಖರಾಬ್ ಮಾಡಿದ್ದಂತೆ."

"ಅದು ಕುಂಕುಮ ಅಂತ ಹೇಳು."

"ಹೇಳಿದೆ. ಇಂಡಿಯಾದ ಕಾನೂನು ನಮಗೆ ಲಾಗು ಇಲ್ಲ, ಕೇಸ್ ಹಾಕೋದಾದ್ರೆ ಇಲ್ಲಿ ಬಂದು ಹಾಕಿ ಅಂತಾರೆ."

"ಲೋಕಲ್ ಟ್ರೈನ್ ಹತ್ತಲಿಕ್ಕೇ ಆಗದವಳು ನಾನು. ಸಿಂಗಾಪುರಕ್ಕೆ ಹೋಗುವುದಾ?"

ಬಾಯಲ್ಲಿ ಹಾಗೆ ಅಂದೆ. ಯೋಚನೆ ಬೇರೆಯೇ ಇತ್ತು. ಕಾಯಿಯ ನೀರು ಮೋಟರಿಗೆ ಹೋಯಿತೋ ಏನೋ. ನಾನೇ ಕೆಡಿಸಿದ್ದಾದರೆ ಯಾರನ್ನು ಕೇಳುವುದು? ಮಗ ಟಿವಿ ರಿಮೋಟ್ ತಂದು ನನ್ನ ಪಕ್ಕ ಇಟ್ಟ.

ಸೊಸೆ ಬಿಡಲಿಲ್ಲ. ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿದಳು. ಮಾರುವವರು ಎಲ್ಲೇ ಇರಲಿ, ಇಲ್ಲಿನ ಜನರಿಗೆ ಮಾರುತ್ತಿದ್ದರೆ ಇಲ್ಲಿನ ನಿಯಮ ಅವರಿಗೂ ಉಂಟು ಅಂದರಂತೆ. ಕೊಂಡ ಸೈಟಿನವರು ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಟ್ಟಿರಬೇಕು, ಮೊದಲು ಅವರಿಗೆ ಬರೆಯಿರಿ, ಆಗದಿದ್ದರೆ ನಿಮ್ಮ ಊರಿನ ಗ್ರಾಹಕ ಕೋರ್ಟಿಗೇ ಹೋಗಬಹುದು. ಬಂದಾಗಲೇ ಕೆಟ್ಟಿತ್ತು ಅನ್ನಲಿಕ್ಕೆ ಏನಾದರೂ ಸಾಕ್ಷಿ ಇದ್ದರೆ ಕಳಿಸಿ ಅಂತಲೂ ಹೇಳಿದರಂತೆ.

"ಸಾಕ್ಷಿ ಎಲ್ಲಿಂದ ತರುವುದು?" ಅಂದೆ.

ಸೊಸೆ ನನ್ನ ಮುಖ ನೋಡಿದಳು. "ಅತ್ತೆ, ಪೂಜೆದು ವಿಡಿಯೋ."

ಇಬ್ಬರೂ ಕೂತು ನೋಡಿದೆವು. ಪೆಟ್ಟಿಗೆ ಬಿಚ್ಚುವಲ್ಲಿಂದ ಎಲ್ಲ ಇತ್ತು. ಕುಂಕುಮ ಹಚ್ಚಿದ್ದು ಹೊರಮೈಗೆ. ಕಾಯಿ ಒಡೆದದ್ದು ಆಚೆ ಸಿಂಕಿನಲ್ಲಿ, ಮೆಷಿನ್ನಿನ ಮೇಲೆ ಒಂದು ಹನಿ ಬಿದ್ದಿಲ್ಲ. ಆಮೇಲೆ ಸ್ವಿಚ್, ಗುಂಯ್, ಹೊಗೆ. ಕೆಡಿಸಿದ್ದು ನಾನಲ್ಲ. ಕೊನೆಯಲ್ಲಿ ನಾನು ಆ ಮೆಷಿನ್ನಿಗೆ ತುಳುವಿನಲ್ಲಿ ಬೈದದ್ದೂ ಇತ್ತು.

"ಇದು ಕೂಡ ಹೋಗ್ತದೆ ಅತ್ತೆ. ಕಟ್ ಮಾಡಿದ್ರೆ ಅವರಿಗೆ ಶಕ್, ಡೌಟ್ ಬರ್ತದೆ."

"ಹೋಗಲಿ. ಅವರಿಗೆ ತುಳು ಎಲ್ಲಿ ಬರಬೇಕು."

ಕೆಲವು ದಿನ ಬಿಟ್ಟು ಸೈಟಿನ ಅಧಿಕಾರಿ ಸೊಸೆಗೆ ಫೋನ್ ಮಾಡಿದ. ಬೇರೆ ಮೆಷಿನ್ ಕಳಿಸುತ್ತೇವೆ, ಕೆಟ್ಟದ್ದನ್ನು ನಾವೇ ಬಂದು ಒಯ್ಯುತ್ತೇವೆ ಅಂದ. ಫೋನ್ ಇಡುವ ಮೊದಲು, ನಿಮ್ಮ ಅತ್ತೆಯ ತುಳು ಭಾರೀ ಜೋರು, ನಮ್ಮ ಮನೆ ಮೂಡಬಿದಿರೆಯಲ್ಲಿ ಅಂದನಂತೆ. ಸೊಸೆ ಬಿದ್ದು ಬಿದ್ದು ನಕ್ಕಳು. ನನಗೇನೂ ನಾಚಿಕೆ ಆಗಲಿಲ್ಲ. ಬೈದದ್ದು ಅವನಿಗಲ್ಲವಲ್ಲ.

ಎರಡನೇ ಪೆಟ್ಟಿಗೆ ಒಂದು ಸಂಜೆ ಬಂತು. ಮಗ ರಿಮೋಟ್ ಎತ್ತಿಕೊಂಡು ಹೋದ. ನಾನು ಅಕ್ಕಿ ನೆನೆಹಾಕಿ ಮಲಗಿದೆ.

ಮರುದಿನ ಬೆಳಿಗ್ಗೆ ವಿಡಿಯೋ ತೆಗಿ ಅಂತ ಸೊಸೆಯ ಕೈಗೆ ಮೊಬೈಲ್ ಕೊಟ್ಟು, ಮೊದಲು ಸ್ವಿಚ್ ಹಾಕಿದೆ. ಕಲ್ಲು ತಿರುಗಿತು. ಅಕ್ಕಿ ಹಾಕಿದೆ, ನುಣ್ಣಗಾಯಿತು. ಪಾತ್ರೆ ತಾನೇ ಬಗ್ಗಿ ನೀರ್‌ದೋಸೆ ಹಿಟ್ಟು ಸುರಿಯಿತು. ಮೆಷಿನ್ ತೊಳೆದು ಒರೆಸಿದೆ. ಕುಂಕುಮ ಇಟ್ಟದ್ದು ಆಮೇಲೆ.