ಮಾಳಿಗೆ ಏರುವ ಮುನ್ನ ಒಂದು ಕೂಗು

ಬೆಳಕು ಈಗಷ್ಟೇ ಹರಿಯುತ್ತಿದೆ. ಬೈಲಹೊಂಗಲದ ಹಳೆಯ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆಯೊಂದರ ಮುಂದೆ ಮಾಯವ್ವ ನಿಂತಿದ್ದಾರೆ. ಹೆಗಲಲ್ಲಿ ಕೇಬಲ್ ಸುರುಳಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಗೋಡೆಗೆ ಆನಿಸಿದ ಏಣಿ. ಎಲ್ಲ ಸಿದ್ಧವಿದ್ದರೂ ಏರುತ್ತಿಲ್ಲ.

"ಮಾಳಗಿ ಏರತೇನ್ರೆವ್ವಾ!"

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳವಷ್ಟೇ ಕೇಳುತ್ತಿದೆ. ಮನೆಯೊಡತಿ ರಾಚವ್ವ ಸಭೆ ಸಮಾರಂಭಗಳಿಗೆ ರೊಟ್ಟಿ ಮಾಡಿಕೊಡುವವರು, ಇವತ್ತು ದೊಡ್ಡ ಆರ್ಡರೇ ಬಂದಂತಿದೆ. ಮಾಯವ್ವ ಇನ್ನೊಮ್ಮೆ ಕೂಗುತ್ತಾರೆ. ಸಪ್ಪಳ ಮತ್ತಷ್ಟು ಜೋರಾಗುತ್ತದೆ. ಮಾಯವ್ವ ಏಣಿ ತೆಗೆದು ಹೊತ್ತುಕೊಂಡು, ಜೊತೆಗೆ ಬಂದ ನನ್ನತ್ತ ತಿರುಗುತ್ತಾರೆ.

"ಕೇಳಿಸಿಲ್ಲ ಅಂತಲ್ರಿ, ರಾಚಕ್ಕಗ ಸಿಟ್ಟು ಬಂದೈತಿ. ಒಳಗಿನವರು 'ಏರು' ಅನ್ನೂತನಕ ನಾ ಏರಂಗಿಲ್ಲ."

ಮಾಯವ್ವ ಕೇಬಲ್ ಟೀವಿಯ ತಂತಿ ಎಳೆಯುವವರು. 1994ರಲ್ಲಿ ಡಿಶ್ ಕೂರಿಸಿ ಈ ಓಣಿಗಳಿಗೆ ಕೇಬಲ್ ತಂದವರು ಅವರ ಗಂಡ ಯಮನಪ್ಪ. ಒಂದು ಮಳೆಗಾಲದಲ್ಲಿ ಯಮನಪ್ಪ ಮಾಳಿಗೆಯಿಂದ ಜಾರಿ ಸೊಂಟ ಮುರಿದುಕೊಂಡ ಮೇಲೆ ಏಣಿ ಹೆಂಡತಿಯ ಹೆಗಲಿಗೆ ಬಂತು. "ಮೊದಲನೇ ಸಲ ಏರಿದಾಗ ಓಣಿಗೆ ಓಣೀನ ನೋಡಾಕ ನಿಂತಿತ್ರಿ. ಅವತ್ತ ಟೀವಿ ಯಾರಿಗೂ ಬೇಕಾಗಿದ್ದಿಲ್ಲ, ನಾನ ಸಾಕಾಗಿದ್ದೆ" ಎಂದು ನಗುತ್ತಾರೆ. ಈಗ ಇನ್ನೂರಕ್ಕೂ ಹೆಚ್ಚು ಮನೆಗಳು ಅವರ ಕೈಯಲ್ಲಿವೆ. ಸಂಜೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಚಿತ್ರ ಬಾರದಿದ್ದರೆ ಇನ್ನೂರು ಮನೆಗಳ ಬೈಗುಳವೂ ಅವರ ಪಾಲಿಗೇ.

ಮಾಳಿಗೆಯ ಮೇಲೆ ನಿಂತರೆ ಬೆಳಕಿಂಡಿಯಿಂದ ಕೆಳಗಿನ ಅಡುಗೆಮನೆ, ಬಚ್ಚಲು ಎಲ್ಲ ಕಾಣುತ್ತವೆ. ಹಾಗಾಗಿ ಏರುವವರು ಚಪ್ಪಲಿ ಕೆಳಗೆ ಬಿಟ್ಟು ಕೂಗಬೇಕು, ಒಳಗಿನವರು 'ಏರು' ಎನ್ನಬೇಕು. ಇದು ಕೇಬಲ್ಲಿಗಿಂತ ಹಳೆಯ ರೂಢಿ. ಮಾಳಿಗೆಗೆ ಮಣ್ಣು ಹಾಕಲು ಬರುವವರೂ ಅಷ್ಟೇ, ಮನೆಯ ಅಳಿಯನೂ ಅಷ್ಟೇ.

ಹೋದ ವಾರ ಬೇರೆ ಕೇಬಲ್ಲಿನ ಹುಡುಗರು ಕೂಗದೆ ರಾಚವ್ವನ ಮಾಳಿಗೆ ಏರಿಬಿಟ್ಟರು. ಸೊಸೆ ಬಚ್ಚಲಲ್ಲಿದ್ದಳು. ಅಂದಿನಿಂದ ರಾಚವ್ವನಿಗೆ ಕೇಬಲ್ಲಿನವರೆಲ್ಲ ಒಂದೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬಂತೆ ಸಿಟ್ಟೆಲ್ಲ ಮಾಯವ್ವನ ಮೇಲೆ ಬಿದ್ದಿದೆ. ತೊಂದರೆಯೆಂದರೆ, ಮುಂದಿನ ಎರಡು ಓಣಿಗಳಿಗೆ ಸಿಗ್ನಲ್ ಕಳಿಸುವ ಬೂಸ್ಟರ್ ಡಬ್ಬಿ ಇರುವುದು ಅದೇ ಮಾಳಿಗೆಯ ಮೇಲೆ, ಅದು ನಿನ್ನೆ ಕೆಟ್ಟಿದೆ. ಅಲ್ಲಿನ ಟೀವಿಗಳಲ್ಲಿ ಬರೀ ಚುಕ್ಕಿ. ಆ ಮನೆಗಳು ಕೈಬಿಟ್ಟರೆ ಮಾಯವ್ವನ ಅರ್ಧ ದುಡಿಮೆ ಹೋದಂತೆಯೇ.

"ಬೇರೆ ಮನೆಗಳ ಮೇಲಿಂದ ಎಳೆಯಬಾರದೇ?" ಎಂದು ಕೇಳುತ್ತೇನೆ.

"ಎಳೀಬಹುದ್ರಿ. ಆದ್ರ ಈ ಮನಿ ಬಿಟ್ಟು ಎಳದ್ರ ತಪ್ಪು ನಂದ ಅಂತ ಒಪ್ಪಿಕೊಂಡಂಗ ಆಗೂದಿಲ್ಲೇನು?"

ಇವತ್ತೇ ಊರಿನ ಕಲ್ಯಾಣ ಮಂಟಪದಲ್ಲಿ ಕೇಬಲ್ ಟೀವಿಯವರ ಸಮ್ಮೇಳನ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರೆಲ್ಲ ಸೇರಿದ್ದಾರೆ. ಊಟಕ್ಕೆ ಮುಂಚಿನ ಕೊನೆಯ ಗೋಷ್ಠಿ ಮಾಯವ್ವನದು. "ನಾಕೂ ಕಡೆ ಹುಡುಗ್ರು ಬಂದಿರತಾರ. ಕೂಗಿ ಏರ್ರಪಾ ಅಂತ ಅದೊಂದ ಮಾತು ಹೇಳಬೇಕಂತ ಮಾಡೇನ್ರಿ."

ಆದರೆ ಆ ಒಂದು ಮಾತಿಗೆ ಜಾಗ ಸಿಗಬೇಕಲ್ಲ! ಬೆಂಗಳೂರಿನಿಂದ ಬಂದ ತಜ್ಞರು, ಇನ್ನು ಹತ್ತು ವರ್ಷಕ್ಕೆ ತಂತಿಯೇ ಇರುವುದಿಲ್ಲ ಎಂದು ತಂತಿಯಿಂದಲೇ ಬದುಕುವವರ ಎದುರು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾರೆ. ಹೊಸ ತೆರಿಗೆ ಎಷ್ಟು ಎಂದು ಕೇಳಿದರೆ ಮತ್ತೊಬ್ಬರು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. ಪ್ರತಿಯೊಬ್ಬರಿಗೂ ಶಾಲು, ಹಾರ, ಫೋಟೊ. ಒಳಗಿನಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರತೊಡಗಿದಾಗ ಅಧ್ಯಕ್ಷ ನಿಜಗುಣಪ್ಪನವರು ಮೈಕ್ ಹಿಡಿಯುತ್ತಾರೆ. "ಮಾಯವ್ವಾರ ಮಾತು ಊಟ ಆದಮ್ಯಾಲ ಇಟ್ಟಕೊಳ್ಳೋಣ್ರಿ."

ಹೋಳಿಗೆ ಉಂಡ ಮೇಲೆ ಭಾಷಣ ಕೇಳಲು ಕೂರುವವರು ಯಾರು? ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮಾಯವ್ವನಿಗೆ ಮಾತ್ರ ಅಧ್ಯಕ್ಷರ ಮಾತು ಕೇಳಿಸಿದಂತಿಲ್ಲ. ಅವರು ಆಗಲೇ ವೇದಿಕೆಯ ಬಳಿ ಹೋಗಿ ಚಪ್ಪಲಿ ಬಿಟ್ಟಿದ್ದಾರೆ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವರೇ ಮುಖ ಮೇಲೆತ್ತಿ, ಇಷ್ಟು ವರ್ಷದ ಅಭ್ಯಾಸ ಎಲ್ಲಿಗೆ ಹೋಗಬೇಕು, ಕೂಗಿಯೇ ಬಿಡುತ್ತಾರೆ:

"ಮಾಳಗಿ ಏರತೇನ್ರೆವ್ವಾ!"

ಇಡೀ ಮಂಟಪ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಮಾಯವ್ವ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ. ಏರಲೂ ಆಗದು, ಇಳಿಯಲೂ ಆಗದು. ಅವರ ಕಣ್ಣು ತುಂಬುತ್ತಿರುವುದು ನಾನು ಕೂತಲ್ಲಿಗೇ ಕಾಣುತ್ತಿದೆ.

ಆಗ ಹಿಂದಿನಿಂದ, ಅಡುಗೆಮನೆಯ ಬಾಗಿಲಿನಿಂದ, ಒಂದು ಧ್ವನಿ ಬರುತ್ತದೆ. ರೊಟ್ಟಿಬುಟ್ಟಿ ಬಗಲಲ್ಲಿಟ್ಟುಕೊಂಡು ರಾಚವ್ವ ನಿಂತಿದ್ದಾರೆ. ಬೆಳಗಿನ ಆರ್ಡರು ಇಲ್ಲಿಯದೇ.

"ಏರಬೇ ಮಾಯವ್ವಾ, ಏರು! ಕೂಗಿ ಏರಾಕಿ ನೀ ಒಬ್ಬಾಕಿಯಾದ್ರೂ ಉಳದೀಯಲ್ಲ!"

ನಗು ಅಲ್ಲಿಗೇ ನಿಲ್ಲುತ್ತದೆ. ಮಾಯವ್ವ ಮೇಲೇರಿ ಮೈಕಿನ ಮುಂದೆ ನಿಲ್ಲುತ್ತಾರೆ. "ಕೇಳಿದ್ರಲ್ಲಾ ತಮ್ಮಗೋಳ್ರ್ಯಾ? ಕೂಗಿದ್ರ ಏರು ಅಂತಾರ. ನಾ ಹೇಳೂದು ಇಷ್ಟ ಇತ್ರಿ." ಇಡೀ ದಿನದ ಅತಿ ಚಿಕ್ಕ ಭಾಷಣ, ಅತಿ ದೊಡ್ಡ ಚಪ್ಪಾಳೆ.

ಎಲ್ಲರೂ ಪಂಕ್ತಿಗೆ ನುಗ್ಗುತ್ತಿದ್ದರೆ ಮಾಯವ್ವ ಹೊರಗೆ ಏಣಿ ಹೊರುತ್ತಿದ್ದಾರೆ. ಉಂಡು ಹೋಗಿ ಎನ್ನುತ್ತೇನೆ.

"ಎರಡು ಓಣಿ ಟೀವಿ ಬಂದ್ ಆಗಿ ಕುಂತಾವ್ರಿ, ಮೊದಲ ಅದು. ರಾಚಕ್ಕ ಹೂಂ ಅಂದಾಳ ಖರೆ. ಆದ್ರೂ ಮನ್ಯಾಗ ಸೊಸಿ ಇರತಾಳ, ಮತ್ತೊಮ್ಮಿ ಕೂಗೇ ಏರತೇನಿ."