ಕಪ್ತಾನರ ಬಲಗೈ

ಕೈರೋದ ಶುಬ್ರಾದಲ್ಲಿ ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿರುವ ಪೈಲಟ್ ಕಪ್ತಾನ್ ವಗ್ದಿ ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ಆದರೆ ವಿಮಾನದಿಂದ ಇನ್ನೂ ಇಳಿದಿಲ್ಲ. ಊಟಕ್ಕೆ ಕೂತರೆ ಬಲಗೈ ರೆಕ್ಕೆಯಾಗುತ್ತದೆ. "ವೇಗ ಕಮ್ಮಿಯಾದ್ರೆ ರೆಕ್ಕೆಯ ಎತ್ತೋ ಬಲಾನೂ ಕಮ್ಮಿ. ಆಗ ರೆಕ್ಕೆಯ ಹಿಂದಂಚಿನ ಪಟ್ಟಿ, ಫ್ಲ್ಯಾಪ್, ಹೀಗೆ ಕೆಳಕ್ಕೆ ಬಗ್ಗಬೇಕು" ಎಂದು ಬೆರಳು ಬಾಗಿಸುತ್ತಾರೆ. "ಮುಂದಂಚಿನ ಪಟ್ಟಿ, ಸ್ಲ್ಯಾಟ್, ಹೀಗೆ ಬಾಯಿ ಬಿಡಬೇಕು, ಇಲ್ಲಾಂದ್ರೆ ಗಾಳಿ ರೆಕ್ಕೆ ಬಿಟ್ಟು ಹೋಗುತ್ತೆ, ವಿಮಾನ ಕಲ್ಲಿನ ಹಾಗೆ ಬೀಳುತ್ತೆ" ಎಂದು ಹೆಬ್ಬೆರಳು ಚಾಚುತ್ತಾರೆ. ರೆಕ್ಕೆಯಾಗಿರುವ ಕೈಗೆ ತಟ್ಟೆ ಎತ್ತು ಎಂದು ಯಾರು ಹೇಳುತ್ತಾರೆ? ಹೆಂಡತಿ ಇನ್ಶಿರಾಹ್ ಎತ್ತುತ್ತಾರೆ. ಸಾಮಾನು ತರಿಸಲು ಬಾಲ್ಕನಿಯಿಂದ ಕೆಳಗಿನ ಅಂಗಡಿಗೆ ಹಗ್ಗ ಕಟ್ಟಿದ ಖಾಲಿ ಬುಟ್ಟಿ ಇಳಿಸುವುದು ಮಾತ್ರ ಕಪ್ತಾನರದೇ ಕೆಲಸ. "ಫ್ಲ್ಯಾಪ್ ಪೂರ್ತಿ!" ಎಂದು ಕೂಗಿ ಇಂಚಿಂಚಾಗಿ ಬಿಡುತ್ತಾರೆ. "ಬೇಗ ಇಳಿಸಿ ಕಪ್ತಾನ್, ರೊಟ್ಟಿ ಆರಿಹೋಯ್ತು!" ಎಂದು ಅಂಗಡಿಯ ಬರ್ಸೂಮ್ ರೇಗಿಸುತ್ತಾನೆ. "ಫ್ಲ್ಯಾಪ್ ಬಿಚ್ಚಿದ ಮೇಲೆ ಗಾಳಿ ಹಿಂದಕ್ಕೆ ಎಳೆಯುತ್ತಪ್ಪಾ, ಓಡೋಕಾಗಲ್ಲ!" ಬುಟ್ಟಿ ನೆಲ ಮುಟ್ಟಿದರೆ ಕಪ್ತಾನರ ಹಾರಾಟ ಮುಗಿಯಿತು, ತುಂಬಿದ ಬುಟ್ಟಿಯನ್ನು ಮೇಲಕ್ಕೆ ಎಳೆಯುವುದು ಇನ್ಶಿರಾಹ್. ಹೋದ ವಾರ ವೈದ್ಯರು ಆಕೆಗೆ "ಇನ್ನು ಭಾರ ಎಳೆದ್ರೆ ಈ ಭುಜ ಮತ್ತೆ ಏಳಲ್ಲಮ್ಮ" ಅಂದರು. ಮರುದಿನ ಬುಟ್ಟಿ ಮೇಲೆಳೆಯುವ ಕೆಲಸವೂ ಕಪ್ತಾನರ ಕೈಗೆ ಬಂತು. ಈರುಳ್ಳಿ, ಅವರೆಕಾಳು, ಎಣ್ಣೆ ಡಬ್ಬ ತುಂಬಿದ ಬುಟ್ಟಿ ಎರಡನೇ ಮಹಡಿಯ ನನ್ನ ಕಿಟಕಿಯೆದುರು ಬಂದು ನಿಂತೇಬಿಟ್ಟಿತು. ಮೇಲಿಂದ ಏದುಸಿರಿನ ದನಿ ಕೇಳಿತು: "ಇಷ್ಟು ಭಾರನಾ ಇದು? ದಿನಾನೂ?" ಇನ್ಶಿರಾಹ್ ಸಮಾಧಾನವಾಗಿಯೇ ಹೇಳಿದರು: "ಇವತ್ತು ಹಗುರ ರೀ. ಅಕ್ಕಿ ಬರೋದು ನಾಳೆ."